ಬರಿಗಾಲಲ್ಲಿ ಬೆಟ್ಟ ದಾಟಿದ ಗುರು: ಸಂತ ಜೋಸೆಫ್ ವಾಜ್‌ರವರು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅಡಿಗಲ್ಲು ಇಟ್ಟ ಹಿರಿಯರನ್ನೂ, ಗೋಡೆ ಕಟ್ಟಿದ ಕೈಗಳನ್ನೂ, ಗಂಟೆ ಕೊಡಿಸಿದ ದಾನಿಗಳನ್ನೂ ಕೃತಜ್ಞತೆಯಿಂದ ನೆನೆಯುವುದು ಯೋಗ್ಯವೇ ಸರಿ. ಆದರೆ ನಾವು ಈ ಕೆಲವು ಪುಟಗಳಲ್ಲಿ ನೆನೆಯಬಯಸುವುದು ಗೋಡೆಗಳಿಗಿಂತ ಹಿಂದಿನ ಸಂಗತಿಯನ್ನು. ಯಾವ ಧರ್ಮಕೇಂದ್ರವನ್ನೇ ನೋಡಿದರೂ ಅಲ್ಲಿ ದೇವಾಲಯ ಏಳುವ ಮೊದಲು ಒಂದು ಕಾಲುದಾರಿ ಇತ್ತು. ಆ ದಾರಿಯಲ್ಲಿ ಒಬ್ಬ ಗುರು ನಡೆದು ಬಂದರು. ದಾರಿಯ ಕೊನೆಯಲ್ಲಿ ಅವರನ್ನು ಎದುರುನೋಡುವ ಕೆಲವು ಕುಟುಂಬಗಳಿದ್ದವು. ಇವೆರಡೂ ಇದ್ದಲ್ಲಿ ಧರ್ಮಸಭೆ ಇದೆ. ಈ ಮಾತಿಗೆ ಸಾಕ್ಷಿಯಾಗಿ ಬಾಳಿದವರು ಸಂತ ಜೋಸೆಫ್ ವಾಜ್‌ರವರು.

ಭೀಮಾ ತೀರದ ನಾವು ಬಯಲು ನಾಡಿನವರು. ಹವಳಗಾದಿಂದ ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಕಾಣುವುದು ಎರೆ ಹೊಲ, ತೊಗರಿ, ಜೋಳ, ಕಬ್ಬು. ಬೆಟ್ಟದ ದಾರಿ ಎಂತಹದೆಂಬುದನ್ನು ನಮ್ಮ ಊರುಗಳಲ್ಲಿ ಬಲ್ಲವರೆಂದರೆ ಯುಗಾದಿಯ ವೇಳೆಗೆ ಶ್ರೀಶೈಲಕ್ಕೆ ನಡೆದು ಹೋಗಿಬರುವ ಹಿಂದೂ ಬಾಂಧವರು. ನಲ್ಲಮಲದ ಕಾಡಿನಲ್ಲಿ ಭೀಮನ ಕೊಳ್ಳಕ್ಕೆ ಇಳಿದು ಮತ್ತೆ ಕೈಲಾಸ ಬಾಗಿಲಿನ ಕಡೆಗೆ ಏರುವಾಗ ಮೊಣಕಾಲು ಹೇಗೆ ನಡುಗುತ್ತದೆಂಬುದನ್ನು ಅವರ ಬಾಯಿಂದಲೇ ಕೇಳಿದ್ದೇವೆ. ಅಂತಹ ಇಳುಕಲು, ಅಂತಹ ಏರು, ಅದರಾಚೆ ಮತ್ತೊಂದು ಕಣಿವೆ. ಹೀಗಿರುವ ದಾರಿಗಳಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಬರಿಗಾಲಲ್ಲಿ ನಡೆದಾಡಿದ ಗುರುವರ್ಯರ ಚರಿತ್ರೆ ಇದು.

ಜೋಸೆಫ್ ವಾಜ್‌ರವರು 1651ನೆಯ ಇಸವಿಯ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆಯ ಊರು ಸಾಂಕ್ವಾಳ. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಇಬ್ಬರೂ ಭಕ್ತಿವಂತರಾದ ಕೊಂಕಣಿ ಕ್ರೈಸ್ತರು. ಬಾಲಕ ಜೋಸೆಫ್ ಊರಿನಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಭಾಷೆಗಳನ್ನು ಕಲಿತು, ಮುಂದೆ ಗೋವಾ ನಗರದಲ್ಲಿ ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳನ್ನು ಅಭ್ಯಸಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಕೆಲವೇ ದಿನಗಳಲ್ಲಿ ಅವರು ಪಾದರಕ್ಷೆಯನ್ನು ತ್ಯಜಿಸಿದರು. ಬಡವರು ಬರಿಗಾಲಲ್ಲಿ ನಡೆಯುವಾಗ ಅವರ ಗುರು ಬೇರೆ ರೀತಿಯಲ್ಲಿ ನಡೆಯಬಾರದೆಂಬುದು ಅವರ ನಿಶ್ಚಯವಾಗಿತ್ತು. ಮರುವರ್ಷ, 1677ರಲ್ಲಿ, ತಮ್ಮನ್ನು ದೇವಮಾತೆಯ ದಾಸನೆಂದು ಒಪ್ಪಿಸಿಕೊಡುವ ಒಂದು ಪತ್ರವನ್ನು ಬರೆದು ಸಹಿ ಹಾಕಿದರು. ದಾಸನಿಗೆ ತನ್ನದೆಂಬ ಇಚ್ಛೆಯಿಲ್ಲ. ಕಳುಹಿಸಿದಲ್ಲಿಗೆ ಹೋಗುವುದೇ ಅವನ ಕೆಲಸ. ಈ ಪತ್ರಕ್ಕೆ ಅವರು ಕಡೆಯವರೆಗೂ ನಿಷ್ಠರಾಗಿದ್ದರು.

ಆ ಕಾಲಕ್ಕೆ ಸಿಂಹಳ ದ್ವೀಪದ ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಕ್ಯಾಲ್ವಿನ್ ಪಂಥದವರಾದ ಅವರು ಕಥೋಲಿಕ ಗುರುಗಳನ್ನು ಹೊರದೂಡಿ, ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿದ್ದರು. ದೇವಾಲಯಗಳು ಅನ್ಯರ ಪಾಲಾದವು. ಪಾಪನಿವೇದನೆ ಕೇಳುವವರಿಲ್ಲ, ಬಲಿಪೂಜೆ ಅರ್ಪಿಸುವವರಿಲ್ಲ, ಸಾಯುವವರಿಗೆ ಅಭ್ಯಂಗ ನೀಡುವವರಿಲ್ಲ. ಮುವ್ವತ್ತು ವರ್ಷಗಳ ಕಾಲ ಹೀಗೆಯೇ ಕಳೆಯಿತು. ಈ ವಾರ್ತೆ ಕೇಳಿದ ಜೋಸೆಫ್ ವಾಜ್‌ರವರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ವಿನಂತಿಸಿದರು. ಮೇಲಧಿಕಾರಿಗಳು ಕಳುಹಿಸಿದ್ದು ಬೇರೆಡೆಗೆ, ನಮ್ಮ ಕನ್ನಡ ಕರಾವಳಿಗೆ.

1681ರಿಂದ 1684ರವರೆಗೆ ಅವರು ಕೆನರಾ ಪ್ರದೇಶದ ಧರ್ಮಕಾರ್ಯದ ಹೊಣೆ ಹೊತ್ತರು. ಕೆಳದಿಯ ರಾಣಿ ಚೆನ್ನಮ್ಮಾಜಿಯವರು ಆ ನಾಡನ್ನು ಆಳುತ್ತಿದ್ದ ಕಾಲವದು. ಮಂಗಳೂರು, ಬಸರೂರು, ಬಾರಕೂರು, ಕಲ್ಯಾಣಪುರ, ಗಂಗೊಳ್ಳಿ ಮೊದಲಾದ ಕಡೆ ಚದುರಿಹೋಗಿದ್ದ ಕ್ರೈಸ್ತರನ್ನು ಅವರು ಕೂಡಿಸಿದರು. ಆಗ ಅಲ್ಲಿ ಧರ್ಮಸಭೆಯ ಅಧಿಕಾರದ ಬಗ್ಗೆಯೇ ಕಲಹವಿತ್ತು. ಪೋರ್ಚುಗಲ್ ದೊರೆಯ ಹಕ್ಕಿನಡಿ ಬಂದ ಗುರುಗಳು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷರಾದ ಥಾಮಸ್ ದೆ ಕಾಸ್ತ್ರೊರವರು ಮತ್ತೊಂದು ಕಡೆ. ಗೋವೆಯಿಂದ ಬಂದಿದ್ದ ವಾಜ್‌ರವರು ಈ ಜಗಳವನ್ನು ಬೆಳೆಸಲಿಲ್ಲ. ವಿನಯದಿಂದ ನಡೆದುಕೊಂಡು, ಹಿರಿಯರ ವಾದದಲ್ಲಿ ಬಡ ಭಕ್ತರು ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಂಡರು.

ಅವರ ಮೊದಲ ಬೆಟ್ಟದ ದಾರಿಯ ನೆನಪೂ ನಮ್ಮ ನಾಡಿನಲ್ಲಿಯೇ ಉಳಿದಿದೆ. ಮಂಗಳೂರಿನ ಆಚೆ ಮುಡಿಪು ಎಂಬಲ್ಲಿ ಒಂದು ಗುಡ್ಡ. ಮರಣಾವಸ್ಥೆಯಲ್ಲಿರುವ ರೋಗಿಯೊಬ್ಬನಿಗೆ ಸಂಸ್ಕಾರ ನೀಡಬೇಕೆಂದು ಸುಳ್ಳು ಹೇಳಿ ಕೆಲವರು ರಾತ್ರಿಯ ವೇಳೆ ಅವರನ್ನು ಈ ಗುಡ್ಡಕ್ಕೆ ಕರೆದೊಯ್ದರೆಂದೂ, ಅವರ ಉದ್ದೇಶ ಕೊಲೆಯಾಗಿತ್ತೆಂದೂ, ಗುರುಗಳು ತಮ್ಮ ಊರುಗೋಲನ್ನು ನೆಲಕ್ಕೆ ಊರಿದಲ್ಲಿ ನೀರಿನ ಬುಗ್ಗೆ ಚಿಮ್ಮಿತೆಂದೂ ಅಲ್ಲಿಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಇಂದು ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಆ ಪವಾಡದಷ್ಟೇ ನಮ್ಮ ಮನಸ್ಸನ್ನು ಸೆಳೆಯುವುದು ಕಥೆಯ ಆರಂಭ: ಸಾಯುವವನೊಬ್ಬ ಕಾಯುತ್ತಿದ್ದಾನೆಂದು ಕೇಳಿದೊಡನೆ ಅವರು ಕತ್ತಲೆಯನ್ನೂ ಎಣಿಸದೆ ಗುಡ್ಡ ಹತ್ತಿದರು. ಕರೆದವರು ಯಾರೆಂದು ವಿಚಾರಿಸುತ್ತ ನಿಲ್ಲಲಿಲ್ಲ.

ಗೋವೆಗೆ ಮರಳಿದ ಮೇಲೆ 1685ರಲ್ಲಿ ಅವರು ಅಲ್ಲಿಯ ಬೋವಾ ವಿಸ್ತಾ ಗುಡ್ಡದ ಮೇಲೆ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಕೂಡಿ ಬಾಳುತ್ತಿದ್ದ ಕೆಲವು ಸ್ವದೇಶಿ ಗುರುಗಳ ಸಂಘವನ್ನು ಸೇರಿ ಅದರ ಮುಖಂಡರಾದರು. ಸಂತ ಫಿಲಿಪ್ ನೇರಿಯವರ ಓರಟೋರಿಯನ್ ನಿಯಮವನ್ನು ಅನುಸರಿಸಿದ ಈ ಸಂಘವೇ ಮುಂದೆ ಸಿಂಹಳದ ಧರ್ಮಸಭೆಗೆ ಗುರುಗಳನ್ನು ಒದಗಿಸಿತು. 1686ರಲ್ಲಿ ನಮ್ಮ ನೆರೆಯ ವಿಜಾಪುರದ ಆದಿಲಶಾಹಿ ರಾಜ್ಯ ಔರಂಗಜೇಬನ ಸೈನ್ಯಕ್ಕೆ ಶರಣಾಯಿತು. ಲಕ್ಷಗಟ್ಟಲೆ ಸೈನಿಕರು ದಖ್ಖಣದ ದಾರಿಗಳನ್ನು ತುಳಿಯುತ್ತಿದ್ದ ಅದೇ ವರ್ಷ ಈ ಗುರುಗಳು ಜಾನ್ ಎಂಬ ಸೇವಕನನ್ನು ಕರೆದುಕೊಂಡು, ಯಾವ ಆಯುಧವೂ ಹಣವೂ ಇಲ್ಲದೆ, ದಕ್ಷಿಣಕ್ಕೆ ಹೊರಟರು. ತೂತುಕುಡಿಯಿಂದ ಕಡಲು ದಾಟಿ 1687ರಲ್ಲಿ ಸಿಂಹಳವನ್ನು ಮುಟ್ಟಿದರು.

ಜಾಫ್ನಾದಲ್ಲಿ ಅವರು ಇಳಿದದ್ದು ಭಿಕ್ಷುಕನ ವೇಷದಲ್ಲಿ. ಪ್ರಯಾಣದಲ್ಲಿಯೇ ಅತಿಸಾರ ಅಂಟಿಕೊಂಡು ದೇಹ ಕೃಶವಾಗಿತ್ತು. ಬೀದಿಯಲ್ಲಿ ಬಿದ್ದಿದ್ದವರಿಗೆ ಬಡ ಹೆಂಗಸರು ಗಂಜಿ ಕೊಟ್ಟು ಬದುಕಿಸಿದರು. ಚೇತರಿಸಿಕೊಂಡ ಬಳಿಕ ಒಂದು ದೊಡ್ಡ ಜಪಸರವನ್ನು ಕೊರಳಿಗೆ ಹಾಕಿಕೊಂಡು ಮನೆಮನೆಯ ಮುಂದೆ ಭಿಕ್ಷೆ ಬೇಡುತ್ತ ಸಾಗಿದರು. ಅನ್ನ ಕೊಡುವವರ ಕಣ್ಣು ಜಪಸರದ ಮೇಲೆ ನಿಲ್ಲುವುದೇ ಎಂಬುದನ್ನು ಅವರು ಗಮನಿಸುತ್ತಿದ್ದರು. ಕೊನೆಗೂ ಒಂದು ಮನೆಯವರ ಕಣ್ಣು ಅಲ್ಲಿ ನಿಂತಿತು. ಅವರು ಕಥೋಲಿಕರೆಂದು ತಿಳಿಯಿತು. ಮೂವತ್ತು ವರ್ಷ ಗುರುವಿನ ಮುಖ ಕಾಣದೆ, ದೇವಾಲಯದ ಬಾಗಿಲು ಕಾಣದೆ, ಆ ಮನೆಯವರು ಮಕ್ಕಳಿಗೆ ಪ್ರಾರ್ಥನೆಗಳನ್ನು ಕಲಿಸಿ ವಿಶ್ವಾಸವನ್ನು ಉಳಿಸಿಕೊಂಡಿದ್ದರು. ಅಂದಿನಿಂದ ರಾತ್ರಿಯ ಹೊತ್ತು, ಬಾಗಿಲು ಮುಚ್ಚಿದ ಮನೆಗಳಲ್ಲಿ, ಸಂಸ್ಕಾರಗಳು ಮತ್ತೆ ನಡೆಯತೊಡಗಿದವು. ಸಿಲ್ಲಾಲೈ ಎಂಬ ಹಳ್ಳಿಯ ಜನ ಅವರನ್ನು ಬಚ್ಚಿಟ್ಟು ಕಾಪಾಡಿದರು. ಒಂದು ಕ್ರಿಸ್ತಜಯಂತಿಯ ರಾತ್ರಿ ಡಚ್ಚರ ಸೈನಿಕರು ಮುತ್ತಿಗೆ ಹಾಕಿ ಪೂಜೆಗೆ ಸೇರಿದ್ದವರನ್ನು ಹಿಡಿದು ಥಳಿಸಿ ಸೆರೆಗೆ ತಳ್ಳಿದಾಗಲೂ ಗುರುವಿನ ಸುಳಿವನ್ನು ಯಾರೂ ಬಿಟ್ಟುಕೊಡಲಿಲ್ಲ. ಅವರು 1690ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಸೇರಿದ ಪುತ್ತಳಂ ಎಂಬ ಕಡಲ ತೀರದ ಊರನ್ನು ತಲುಪಿದರು.

ಇಲ್ಲಿಂದ ಮುಂದೆ ಬೆಟ್ಟದ ದಾರಿ ಆರಂಭವಾಗುತ್ತದೆ. ಕ್ಯಾಂಡಿ ನಗರ ದ್ವೀಪದ ನಡುವಿನ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 500 ಮೀಟರ್ ಎತ್ತರದಲ್ಲಿದೆ. ಮಹಾವೆಲಿ ನದಿ ಅದನ್ನು ಬಳಸಿ ಹರಿಯುತ್ತದೆ. ಸುತ್ತಲೂ ಬೆಟ್ಟದ ಸಾಲು, ಸಾಲು ಸಾಲಿನ ನಡುವೆ ಕಣಿವೆ, ಒಂದೊಂದು ಕಣಿವೆಯಲ್ಲೂ ಭತ್ತದ ಗದ್ದೆ ಮಾಡಿಕೊಂಡ ಪುಟ್ಟ ಊರುಗಳು. ಕಡಲ ತೀರವನ್ನೆಲ್ಲ ಪರದೇಶಿಯರು ಹಿಡಿದಿದ್ದ ಕಾರಣ ಕ್ಯಾಂಡಿಯ ಅರಸರು ದಾರಿಗಳನ್ನು ಬೇಕೆಂದೇ ಅಗಲ ಮಾಡುತ್ತಿರಲಿಲ್ಲ. ಬಂಡಿ ಹೋಗುವ ದಾರಿಯಲ್ಲಿ ಫಿರಂಗಿಯೂ ಬರುತ್ತದೆಂಬುದನ್ನು ಅವರು ಅರಿತಿದ್ದರು. ಹೀಗಾಗಿ ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದಾದ ಕಾಲುದಾರಿಗಳೇ ಎಲ್ಲೆಡೆಯೂ ಇದ್ದವು. ಬೆಟ್ಟದ ಕಿರಿದಾದ ಸಂದುಗಳಲ್ಲಿ ಮುಳ್ಳುಕಂಟಿಯಿಂದ ಹೆಣೆದ ಬಾಗಿಲುಗಳು. ಬಾಗಿಲ ಬಳಿ ಕಾವಲುಗಾರರು. ಹಾದುಹೋಗುವವರು ಜೇಡಿಮಣ್ಣಿನಲ್ಲಿ ಒತ್ತಿದ ಮುದ್ರೆಯನ್ನು ತೋರಿಸಬೇಕಿತ್ತು. 1660ರಿಂದ 1679ರವರೆಗೆ ಆ ರಾಜ್ಯದಲ್ಲಿ ಬಂಧಿಯಾಗಿದ್ದು ತಪ್ಪಿಸಿಕೊಂಡು ಹೋದ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್ 1681ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವೆಲ್ಲದರ ವಿವರವಿದೆ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಜಿಗಣೆಗಳ ವಿಷಯವನ್ನೂ ಆತ ಬರೆದಿದ್ದಾನೆ. ಬರಿಗಾಲಲ್ಲಿ ನಡೆಯುವವನಿಗೆ ಈ ಜಿಗಣೆಗಳ ಕಾಟ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಬಂಡಿಗಳು ಹೋಗುವಂತಹ ರಸ್ತೆಯನ್ನು ಕೊಲಂಬೊದಿಂದ ಕ್ಯಾಂಡಿಯವರೆಗೆ ಬ್ರಿಟಿಷರು ನಿರ್ಮಿಸಿದ್ದು 1820ರ ದಶಕದಲ್ಲಿ, ಎಂದರೆ ವಾಜ್‌ರವರು ತೀರಿಕೊಂಡು ನೂರು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ.

1692ರಲ್ಲಿ ಅವರು ಪುತ್ತಳಂನ ಕಥೋಲಿಕ ವರ್ತಕರೊಬ್ಬರ ಜೊತೆಗೆ ಈ ದಾರಿಯನ್ನು ಹಿಡಿದರು. ರಾಜಧಾನಿಯನ್ನು ಮುಟ್ಟುವ ಮೊದಲೇ ಅವರ ಮೇಲೆ ದೂರು ಹೋಗಿತ್ತು. ಅರಮನೆಯಲ್ಲಿದ್ದ ಕ್ಯಾಲ್ವಿನ್ ಪಂಥದ ಫ್ರೆಂಚನೊಬ್ಬ, ಬರುತ್ತಿರುವವನು ಪೋರ್ಚುಗೀಸರ ಗೂಢಚಾರನೆಂದು ಅರಸನ ಕಿವಿಯಲ್ಲಿ ಊದಿದ್ದ. ಗುರುಗಳನ್ನೂ ವರ್ತಕರನ್ನೂ ಸೇವಕ ಜಾನನನ್ನೂ ಹಿಡಿದು ತಂದು ಸೆರೆಯಲ್ಲಿಟ್ಟರು. ತಾವು ಬಯಸಿದ ನಗರಕ್ಕೆ ಜೋಸೆಫ್ ವಾಜ್‌ರವರು ಬಂದು ಸೇರಿದ್ದು ಹೀಗೆ, ಬಂಧಿಯಾಗಿ. ಆದರೆ ಅವರು ಸೆರೆಯ ದಿನಗಳನ್ನು ವ್ಯರ್ಥ ಮಾಡಲಿಲ್ಲ. ಸಿಂಹಳ ಭಾಷೆಯನ್ನು ಕಲಿತರು. ಓಡಿಹೋಗುವ ಯತ್ನ ಅವರಿಂದ ಆಗದೆಂದು ಕಾವಲುಗಾರರಿಗೆ ಮನವರಿಕೆಯಾದ ಬಳಿಕ ಅಲ್ಲಿಯೇ ಒಂದು ಗುಡಿಸಲನ್ನು ಕಟ್ಟಿ ಅದನ್ನೇ ದೇವಾಲಯವಾಗಿಸಿಕೊಂಡರು. ರಾಜಧಾನಿಯಲ್ಲಿದ್ದ ಕ್ರೈಸ್ತರು ಒಬ್ಬೊಬ್ಬರಾಗಿ ಆ ಗುಡಿಸಲಿನ ದಾರಿ ಹಿಡಿದರು.

ಕ್ಯಾಂಡಿಯ ಅರಸ ಎರಡನೆಯ ವಿಮಲಧರ್ಮಸೂರ್ಯನು ಬೌದ್ಧಧರ್ಮದ ಆಶ್ರಯದಾತ, ಶಾಂತಸ್ವಭಾವದವನು. ಒಮ್ಮೆ ಭೀಕರ ಬರಗಾಲ ಬಂದು ಎಲ್ಲ ಪ್ರಾರ್ಥನೆಗಳೂ ನಡೆದ ಬಳಿಕ ಆತ ಕಥೋಲಿಕ ಗುರುವಿನ ಪ್ರಾರ್ಥನೆಯನ್ನೂ ಕೋರಿದನೆಂದೂ, ಗುರುಗಳು ಬಯಲಿನಲ್ಲಿ ಪೀಠವನ್ನೂ ಶಿಲುಬೆಯನ್ನೂ ಸ್ಥಾಪಿಸಿ ಮೊಣಕಾಲೂರಿದಾಗ ಧಾರಾಕಾರವಾಗಿ ಮಳೆ ಸುರಿಯಿತೆಂದೂ, ಆ ಪೀಠ ಮಾತ್ರ ನೆನೆಯಲಿಲ್ಲವೆಂದೂ ಅವರ ಚರಿತ್ರೆ ಬರೆದವರೆಲ್ಲ ಹೇಳಿದ್ದಾರೆ. ಅರಸನ ಅನುಗ್ರಹದಿಂದ ಅವರಿಗೆ ಸಂಚರಿಸುವ ಸ್ವಾತಂತ್ರ್ಯ ಲಭಿಸಿತು. ಕ್ರೈಸ್ತರೆನಿಸಿಕೊಂಡ ಡಚ್ಚರು ಯಾರನ್ನು ಬೇಟೆಯಾಡುತ್ತಿದ್ದರೋ ಅವರಿಗೆ ಬೌದ್ಧ ಅರಸನೊಬ್ಬ ಆಶ್ರಯವಿತ್ತನೆಂಬುದನ್ನು ನಾವು ಮರೆಯಬಾರದು. ಅನ್ಯಧರ್ಮೀಯರ ಔದಾರ್ಯದ ನೆರಳಿನಲ್ಲಿ ಬೆಳೆದ ಧರ್ಮಸಭೆ ಅದು.

ಇಷ್ಟಾದ ಮೇಲೆ ಅವರು ಕುಳಿತ ದಿನಗಳು ಕಡಿಮೆ. ಬೆಟ್ಟದ ಮೇಲಿನ ಊರುಗಳಿಂದ ಕೆಳಗಿನ ಕಾಡುಸೀಮೆಗೂ, ಅಲ್ಲಿಂದ ಕಡಲ ತೀರಕ್ಕೂ ನಡೆದರು. ಡಚ್ಚರ ವಶದಲ್ಲಿದ್ದ ಕೊಲಂಬೊ, ನೆಗೊಂಬೊಗಳಿಗೂ ವೇಷ ಮರೆಸಿಕೊಂಡು ಹೋಗಿಬಂದರು. ಪೂಜೆಯ ಪಾತ್ರೆಗಳ ಗಂಟು, ಒಂದು ಊರುಗೋಲು, ಜೊತೆಗೆ ಜಾನ್. ಅವರ ಪ್ರಯಾಣದ ಸಾಮಗ್ರಿ ಇಷ್ಟೇ. ಒಂದು ಕಣಿವೆಯ ಹತ್ತು ಮನೆಗಳಿಗೆ ಸಂಸ್ಕಾರಗಳನ್ನಿತ್ತು, ಬೆಟ್ಟ ಹತ್ತಿ ಇಳಿದು, ಆಚೆಯ ಕಣಿವೆಯ ಐದು ಮನೆಗಳಿಗೆ ಹೋಗುವುದು ಅವರ ಧರ್ಮಸೇವೆಯ ಕ್ರಮ. ಐದು ಮನೆಗಳಿಗಾಗಿ ಬೆಟ್ಟ ದಾಟುವುದು ಲಾಭವೇ ನಷ್ಟವೇ ಎಂದು ಲೆಕ್ಕ ಹಾಕಿದ್ದರೆ ಆ ದಾರಿಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಡುವ ಕುರುಬನ ಸಾಮತಿಯನ್ನು ನಾವು ಪೀಠದಿಂದ ಬೋಧಿಸುತ್ತೇವೆ; ಅವರು ಅದನ್ನು ನಡೆದು ತೋರಿಸಿದರು.

1690ರ ದಶಕದ ಕೊನೆಯಲ್ಲಿ ಗೋವೆಯಿಂದ ಓರಟೋರಿಯನ್ ಗುರುಗಳು ನೆರವಿಗೆ ಬಂದರು. ಅದೇ ಸುಮಾರಿಗೆ, 1697ರಲ್ಲಿ, ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಜನ ತಮ್ಮ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಅರಸನೂ ರಾಜಧಾನಿಯನ್ನು ಬಿಟ್ಟನು. ಜೋಸೆಫ್ ವಾಜ್‌ರವರು ಗುರು ಜೋಸೆಫ್ ಕಾರ್ವಾಲ್ಯೊರವರೊಂದಿಗೆ ಅಲ್ಲಿಯೇ ಉಳಿದರು. ಕಾಡಿನಲ್ಲಿ ಬಿದ್ದವರಿಗೆ ಗುಡಿಸಲುಗಳನ್ನು ಕಟ್ಟಿದರು, ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ತಮ್ಮ ಕೈಯಾರೆ ಹೂಳಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಜಾಫ್ನಾದ ಬೀದಿಯಲ್ಲಿ ಗಂಜಿ ಕುಡಿದು ಬದುಕಿದವರು ಆ ಋಣವನ್ನು ಹೀಗೆ ತೀರಿಸಿದರೆಂದು ನಮಗೆ ತೋರುತ್ತದೆ. ಹಿಂದಿರುಗಿ ಬಂದ ಅರಸನು ಇದನ್ನು ತಿಳಿದು, ಅವರ ಧರ್ಮಕಾರ್ಯಕ್ಕೆ ಪೂರ್ಣ ಸ್ವಾತಂತ್ರ್ಯವಿತ್ತನು.

ಜಗದ್ಗುರುಗಳ ಪ್ರತಿನಿಧಿಯಾಗಿ ಭಾರತಕ್ಕೆ ಬಂದಿದ್ದ ಮೈಯಾರ್ ದೆ ತೂರ್ನೊರವರು ವಾಜ್‌ರವರನ್ನು ಉನ್ನತ ಪದವಿಗೇರಿಸಲು ಬಯಸಿದಾಗ ಅವರು ನಮ್ರತೆಯಿಂದ ನಿರಾಕರಿಸಿದರು. 1705ರಲ್ಲಿ ಗುರು ಜಾಕೋಮ್ ಗೊನ್ಸಾಲ್ವೆಸ್‌ರವರು ಬಂದು ಸೇರಿದರು. ಸಿಂಹಳ ಭಾಷೆಯ ಕಥೋಲಿಕ ಸಾಹಿತ್ಯಕ್ಕೆ ಅವರೇ ಮೂಲಪುರುಷರು. 1707ರಲ್ಲಿ ಅರಸ ತೀರಿಕೊಂಡು ಮಗ ವೀರ ನರೇಂದ್ರಸಿಂಹ ಪಟ್ಟಕ್ಕೆ ಬಂದಾಗಲೂ ರಾಜಾಶ್ರಯ ತಪ್ಪಲಿಲ್ಲ. ಆದರೆ ನಡೆದು ನಡೆದು ಗುರುಗಳ ದೇಹ ದಣಿದಿತ್ತು. 1710ರಲ್ಲಿ ಅನಾರೋಗ್ಯವನ್ನೂ ಲೆಕ್ಕಿಸದೆ ಮತ್ತೊಂದು ಧರ್ಮಯಾತ್ರೆಗೆ ಹೊರಟು, ಜ್ವರದಿಂದ ಬಳಲಿ ಕ್ಯಾಂಡಿಗೆ ಮರಳಿದರು. ಕೊನೆಯ ಹೊತ್ತಿನಲ್ಲಿ ಸುತ್ತ ನೆರೆದ ಸಹೋದರರಿಗೆ ಅವರಿತ್ತ ಉಪದೇಶದ ಸಾರ ಇಷ್ಟು: ಬದುಕಿರುವಾಗ ದೈವಪ್ರೇರಣೆಗಳನ್ನು ಅಲಕ್ಷಿಸಿದವನಿಗೆ ಮರಣದ ಗಳಿಗೆಯಲ್ಲಿ ಅವು ಸುಲಭವಾಗಿ ಒದಗುವುದಿಲ್ಲ. 1711ರ ಜನವರಿ 16ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರು ಕಾಲಿಟ್ಟಾಗ ಒಬ್ಬ ಗುರುವೂ ಇಲ್ಲದಿದ್ದ ದ್ವೀಪದಲ್ಲಿ ಆ ವೇಳೆಗೆ ಸುಮಾರು ಎಪ್ಪತ್ತು ಸಾವಿರ ಕಥೋಲಿಕರಿದ್ದರೆಂದು ಗಣಿಸಲಾಗಿದೆ.

ಅವರ ಸಮಾಧಿ ಎಲ್ಲಿದೆಯೆಂಬುದು ಇಂದು ಯಾರಿಗೂ ತಿಳಿಯದು. ಆದರೂ ಧರ್ಮಸಭೆ ಅವರನ್ನು ಮರೆಯಲಿಲ್ಲ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು 2015ರ ಜನವರಿ 14ರಂದು ಅದೇ ನಗರದ ಕಡಲ ತೀರದಲ್ಲಿ ಸಂತ ಪದವಿಗೇರಿಸಿದರು. ಕನ್ನಡ ಕರಾವಳಿಯಲ್ಲಿ ಮೂರು ವರ್ಷ ದುಡಿದ ಪಾದಗಳಿಗೆ ದೊರೆತ ಈ ಗೌರವದಲ್ಲಿ ನಮಗೂ ಒಂದು ಪಾಲಿದೆ.

ಇಲ್ಲಿ ನಮ್ಮದೊಂದು ಮಾತನ್ನು ಹೇಳದೆ ಇರಲಾರೆವು. ಗುರುದೀಕ್ಷೆ ಪಡೆದ ಹೊಸತರಲ್ಲಿ, ಒಂದು ಮಳೆಗಾಲದ ಸಂಜೆ, ದೂರದ ಹಳ್ಳಿಯಿಂದ ಒಬ್ಬ ಮುದುಕರಿಗೆ ಅಭ್ಯಂಗ ನೀಡಬೇಕೆಂದು ಕರೆ ಬಂದಿತು. ಎರೆಮಣ್ಣು ಸೈಕಲ್ಲಿನ ಗಾಲಿಗೆ ಮೆತ್ತಿಕೊಂಡು ತಿರುಗದಾಗುವುದು ಈ ಸೀಮೆಯವರಿಗೆಲ್ಲ ಗೊತ್ತು. ಮಳೆ ನಿಲ್ಲಲಿ, ಬೆಳಿಗ್ಗೆ ಹೊರಡೋಣವೆಂದು ನಾವು ತೀರ್ಮಾನಿಸಿದೆವು. ಬೆಳಿಗ್ಗೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಕೆಸರು ತುಳಿದು ತಲುಪಿದಾಗ ಆ ಹಿರಿಯರು ತೀರಿಕೊಂಡಿದ್ದರು. ಮನೆಯವರು ನಮ್ಮನ್ನು ಒಂದು ಮಾತನ್ನೂ ಅನ್ನಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟರು. ರಾತ್ರಿಯಿಡೀ ಅವರೇ ಕೂತು ಜಪಸರ ಹೇಳಿದ್ದರಂತೆ. ಮುಡಿಪುವಿನ ಗುಡ್ಡವನ್ನು ಕತ್ತಲೆಯಲ್ಲಿ ಹತ್ತಿದ ಸಂತರ ಚರಿತ್ರೆಯನ್ನು ಓದುವಾಗಲೆಲ್ಲ ಆ ರಾತ್ರಿ ನಮ್ಮ ಕಣ್ಣ ಮುಂದೆ ಬರುತ್ತದೆ.

ಇಂದು ನಮ್ಮ ಊರುಗಳಿಗೆ ರಸ್ತೆಗಳಾಗಿವೆ. ಬೆಟ್ಟವೂ ಇಲ್ಲ, ಮುಳ್ಳಿನ ಬಾಗಿಲೂ ಇಲ್ಲ, ಗುರುಗಳನ್ನು ಹಿಡಿಯಲು ಬರುವ ಸೈನಿಕರೂ ಇಲ್ಲ. ಆದರೂ ದೇವಾಲಯದ ಗಂಟೆ ಕೇಳಿಸದ ಕಡೆ ವಾಸಿಸುವ ಜನ ನಮ್ಮ ನಡುವೆ ಇದ್ದಾರೆ. ಹಂಗಾಮಿನಲ್ಲಿ ಕಬ್ಬು ಕಡಿಯಲು ಬಂದು ಹೊಲದಂಚಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇರುವ ಕುಟುಂಬಗಳಿವೆ. ನಮ್ಮ ಊರುಗಳಿಂದಲೇ ದುಡಿಮೆಗಾಗಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಹೋದ ಮಕ್ಕಳಿದ್ದಾರೆ. ಮನೆಯಲ್ಲಿಯೇ ಹಾಸಿಗೆ ಹಿಡಿದ ವೃದ್ಧರಿದ್ದಾರೆ. ಇವರ ಬಳಿಗೆ ಹೋಗುವ ದಾರಿ ಕಷ್ಟದ್ದಲ್ಲ. ಹೊರಡುವ ಮನಸ್ಸು ಬೇಕು. ಈ ಕೆಲಸ ಗುರುಗಳೊಬ್ಬರದೇ ಅಲ್ಲ. ಜಾಫ್ನಾದ ಆ ಮನೆಯವರು ಗುರುವಿಲ್ಲದೆ ಮೂವತ್ತು ವರ್ಷ ವಿಶ್ವಾಸವನ್ನು ಕಾದುಕೊಂಡಿದ್ದರಿಂದಲೇ ನಡೆದು ಬಂದ ಗುರುವಿಗೆ ಒಂದು ಬಾಗಿಲು ತೆರೆಯಿತು. ಸಂಜೆಯ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಜಪಸರ ಹೇಳುವ ಪ್ರತಿಯೊಂದು ಮನೆಯೂ ಮುಂದಿನ ನೂರು ವರ್ಷಗಳಿಗೆ ಅಡಿಗಲ್ಲು ಇಡುತ್ತಿದೆ.

ಶತಮಾನೋತ್ಸವದ ದಿನ ನಾವೆಲ್ಲರೂ ಶುಭ್ರವಸ್ತ್ರ ಧರಿಸಿ ದೇವಾಲಯಕ್ಕೆ ಬರುವೆವು. ಬರುವಾಗ ಬಾರದವರೊಬ್ಬರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೋಣ. ಹಬ್ಬ ಮುಗಿದ ಮರುದಿನ ಅವರ ಮನೆಯ ದಾರಿ ಹಿಡಿಯೋಣ. ಬರಿಗಾಲಲ್ಲಿ ಬೆಟ್ಟ ದಾಟಿದ ಸಂತರಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದೇ.

ಸಂತ ಜೋಸೆಫ್ ವಾಜ್‌ರವರೇ, ನಮಗಾಗಿ ಪ್ರಾರ್ಥಿಸಿರಿ.